ಖಾಲಿ ಮನೆಯಲ್ಲಿ ತೆಗೆಸಿಕೊಂಡ ಫೋಟೋಗಳು

ಅವನು ಸುಳ್ಳುಗಾರ. ಕಷ್ಟಕ್ಕೆ ಸಿಕ್ಕಿ ಸುಳ್ಳು ಹೇಳುವವರು ಬೇರೆ, ಅವರನ್ನು ನಾನು ಸುಳ್ಳುಗಾರರೆಂದು ಕರೆಯುವುದಿಲ್ಲ. ಇವನು ಅಗತ್ಯವಿಲ್ಲದ ಕಡೆಯೂ ಹೇಳುತ್ತಿದ್ದ. ಊಟ ಆಯಿತೇ ಎಂದು ಕೇಳಿದರೆ ಆಗದಿದ್ದಾಗ ಆಯಿತು ಎನ್ನುತ್ತಿದ್ದ, ಆಗಿದ್ದಾಗ ಇಲ್ಲ ಎನ್ನುತ್ತಿದ್ದ. ನಮ್ಮ ಅಡುಗೆಮನೆಯ ಗೋಡೆಗೆ ಎರಡು ಸಲ ಬಣ್ಣ ಬಳಿದು ಮೂರು ಸಲ ಎಂದ. ಇನ್ನೊಂದು ವರ್ಷ ನಿಜವಾಗಿಯೂ ಮೂರು ಸಲ ಬಳಿದು, ಎರಡರಲ್ಲೇ ಮುಗಿಸಿದೆ ಎಂದ. ಇದರಿಂದ ಅವನಿಗೇನು ಸಿಗುತ್ತದೆ ಎಂದು ಯೋಚಿಸಿ ನಾನು ಸೋತಿದ್ದೇನೆ. ಕೆಲವರಿಗೆ ಕೈ ಸುಮ್ಮನಿರುವುದಿಲ್ಲ. ಇವನಿಗೆ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

ಕೆಲಸ ಚೆನ್ನಾಗಿ ಮಾಡುತ್ತಿದ್ದ. ಚಾವಣಿಯೂ ಗೋಡೆಯೂ ಕೂಡುವ ಕಡೆ ಟೇಪು ಅಂಟಿಸದೆ, ಬರಿಗೈಯಲ್ಲಿ ನೇರ ಗೆರೆ ಎಳೆಯುವವರು ಈಗ ಕಡಿಮೆ. ಆದರೆ ಚೆನ್ನಾಗಿ ಬಣ್ಣ ಬಳಿಯುವುದು ಕಸುಬು, ಗುಣವಲ್ಲ. ಎರಡನ್ನೂ ಬೆರೆಸಬಾರದು.

ಅವನ ಹೆಂಡತಿ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದಳು. ಅವನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವಳಿಂದ ಬಂದದ್ದು. ಉಳಿದದ್ದು ಕಣ್ಣಾರೆ ಕಂಡದ್ದು. ಕೂಲಿಯವರು ಬೆಳಗ್ಗೆ ಬಂದು ನಿಲ್ಲುವ ರಸ್ತೆಯ ಮೂಲೆ ನಮ್ಮ ಮನೆಯ ಎದುರಿಗೇ ಇದೆ. ಮಹಡಿಯಲ್ಲಿ ಪತ್ರಿಕೆ ಹಿಡಿದು ಕುಳಿತರೆ ಬೇಡವೆಂದರೂ ಕಾಣುತ್ತದೆ.

ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಅವರು ಬಂದು ನಿಂತಿರುತ್ತಾರೆ. ಗಾರೆಯವರು ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಬಣ್ಣದವರು ದೊಡ್ಡ ಬ್ರಷ್ಷನ್ನು ಎದೆಯ ಮುಂದೆ ಹಿಡಿದಿರುತ್ತಾರೆ. ಮಣ್ಣು ಅಗೆಯುವವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಅವರು ಕೈ ಕಟ್ಟುವುದಿಲ್ಲ, ಅಷ್ಟೆ. ಮೇಸ್ತ್ರಿಗಳು ಸ್ಕೂಟರಿನಲ್ಲಿ, ಸಣ್ಣ ಲಾರಿಗಳಲ್ಲಿ ಬಂದು ಬೇಕಾದವರನ್ನು ಬೆರಳು ತೋರಿಸಿ ಕರೆದುಕೊಂಡು ಹೋಗುತ್ತಾರೆ. ಶಾಲೆಯ ಬಸ್ಸುಗಳು ಹೋಗಿ ಮುಗಿದ ಮೇಲೆ ಯಾರೂ ಬರುವುದಿಲ್ಲ. ಅದು ನಿಂತವರಿಗೂ ಗೊತ್ತು. ಆದರೂ ನಿಂತಿರುತ್ತಾರೆ. ಬೇಗ ಮನೆಗೆ ಹೋದರೆ ಹೆಂಡತಿಗೆ ಬಾಯಿಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ, ನೆರೆಹೊರೆಗೆಲ್ಲ ತಿಳಿಯುತ್ತದೆ. ಹೀಗಾಗಿ ಬಿಸಿಲು ನೆತ್ತಿಗೇರುವ ತನಕ ಅಲ್ಲೇ ಹಾಳುಹರಟೆ ಹೊಡೆಯುತ್ತಾರೆ.

ಈ ಮೂಲೆಗೆ ಜನ ಎಷ್ಟೋ ಊರುಗಳಿಂದ ಬರುತ್ತಾರೆ. ಪ್ರತಿ ವರ್ಷವೂ ಹೊಸಬರು ಬರುತ್ತಾರೆ, ಕೆಲಸ ಮಾತ್ರ ಅಷ್ಟೇ ಇರುತ್ತದೆ. ಮತ್ತೆ ಯಾಕೆ ಬರುತ್ತಾರೆ ಎಂದು ಆಶ್ಚರ್ಯಪಡುವವರು ಒಂದು ವಿಷಯ ಗಮನಿಸಬೇಕು. ಊರಿಗೆ ತಲುಪುವ ಸುದ್ದಿ ದಿನಗೂಲಿಯ ದರ ಮಾತ್ರ. ದಿನಕ್ಕಿಷ್ಟು ಎಂದು ಒಬ್ಬ ಹೇಳಿದ್ದನ್ನು ಊರಿನವರು ಮೂವತ್ತರಿಂದ ಗುಣಿಸಿ, ತಿಂಗಳಿಗೆ ಇಷ್ಟು ಎಂದು ಬಾಯಿ ಚಪ್ಪರಿಸುತ್ತಾರೆ. ಗುಣಾಕಾರದಲ್ಲಿ ತಪ್ಪಿಲ್ಲ. ಮೂಲೆಯಲ್ಲಿ ನಿಂತು ಬರಿಗೈಯಲ್ಲಿ ಹಿಂತಿರುಗಿದ ದಿನಗಳ ಸುದ್ದಿ ಬಸ್ಸು ಹತ್ತಿ ಊರಿಗೆ ಹೋಗುವುದಿಲ್ಲ. ಹೋಗದಂತೆ ನೋಡಿಕೊಳ್ಳುವವರು ನಮ್ಮ ಬಣ್ಣದವನಂಥವರು.

ಅವನು ಊರಿನಲ್ಲಿ ತಾನು ಸೂಪರ್‌ವೈಸರ್ ಎಂದು ಹೇಳಿಕೊಂಡಿದ್ದ. ಇದು ಹೇಗೋ ಮೂಲೆಯವರಿಗೆ ಗೊತ್ತಾಗಿ, ಅವನಿಗೆ ಅದೇ ಹೆಸರಾಯಿತು. ಬೆಳಗ್ಗೆ ಅವನು ಬಂದ ಕೂಡಲೇ ಗಾರೆಯವನೊಬ್ಬ, "ದಾರಿ ಬಿಡ್ರಪ್ಪಾ, ಸೂಪರ್‌ವೈಸರ್ ಸಾಹೇಬರು ಬಂದ್ರು," ಎನ್ನುತ್ತಿದ್ದ.

"ಎಲ್ಲರೂ ಹಾಜರಿದೀರಾ?" ಎಂದು ಇವನು ಕೇಳುತ್ತಿದ್ದ.

"ಹಾಜರ್ ಸಾರ್. ಸಂಬಳ ಯಾವಾಗ ಸಾರ್?"

"ನನಗೆ ಬಂದ ಮೇಲೆ," ಎಂದು ಬ್ರಷ್ಷನ್ನು ಎದೆಗೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ.

ಫೋಟೋಗಳ ವಿಷಯ ನನಗೆ ಹೇಳಿದವಳು ಹೆಂಡತಿ. ಹೊಸ ಮನೆಯೊಂದರ ಬಣ್ಣದ ಕೆಲಸ ಮುಗಿದು ಮಾಲೀಕರು ಬರುವ ಮೊದಲು ಒಂದು ದಿನವಾದರೂ ಮನೆ ಖಾಲಿ ಇರುತ್ತದೆ. ಬೀಗದ ಕೈ ಮೇಸ್ತ್ರಿಯ ಬಳಿ ಇರುತ್ತದೆ. ಆ ದಿನ ಇವನ ಊರಿನವರು, ಬಣ್ಣದವರಾಗಲಿ ಗಾರೆಯವರಾಗಲಿ, ಒಳ್ಳೆಯ ಶರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ಬರುತ್ತಾರೆ. ಮೇಸ್ತ್ರಿ ಬೀಡಿ ಸೇದಲು ಆಚೆ ಹೋಗುತ್ತಾನೆ. ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಏಣಿ, ಡಬ್ಬ, ನೆಲಕ್ಕೆ ಹಾಸಿದ ಹಳೆಯ ಪೇಪರು ಕಾಣಬಾರದು. ಒಂದೇ ಊರಿನ ಇಬ್ಬರು ಒಂದೇ ಗೋಡೆಯ ಮುಂದೆ ನಿಲ್ಲಬಾರದು. ಯಾರು ಎಲ್ಲಿ ಎಂದು ಹೇಳುವವನು ಇವನೇ. "ನೀನು ಬೆಡ್‌ರೂಮು. ನೀನು ಮೆಟ್ಟಿಲು. ಹಾಲ್ ನಂದು." ಹಾಲ್ ಯಾವಾಗಲೂ ಅವನದೇ.

"ಫೋಟೋ ತೆಗೆಯೋ ಮುಂಚೆ ಕಿಟಕಿ ಎಲ್ಲಾ ತೆಗೆದುಬಿಡ್ತಾರೆ ಅಮ್ಮಾ, ಬಣ್ಣದ ವಾಸನೆ ಹೋಗಲಿ ಅಂತ," ಎಂದಳು ಹೆಂಡತಿ, ತೊಳೆದ ಪಾತ್ರೆ ಬೋರಲು ಹಾಕುತ್ತ. "ಫೋಟೋದಲ್ಲಿ ವಾಸನೆ ಬರಲ್ಲ ಕಣ್ರೀ ಅಂದ್ರೆ, ನಿನಗೇನು ಗೊತ್ತು ಅಂತಾರೆ."

"ನೀನೂ ತೆಗೆಸಿಕೊಂಡಿದ್ದೀಯಾ?"

"ಒಂದೇ ಒಂದು. ಅಡುಗೆಮನೆಯಲ್ಲಿ, ನಲ್ಲಿ ಮೇಲೆ ಕೈ ಇಟ್ಕೊಂಡು." ಸ್ವಲ್ಪ ಹೊತ್ತು ಪಾತ್ರೆ ತೊಳೆದಳು. "ನೀರು ಬರ್ತಿರಲಿಲ್ಲ. ನಲ್ಲಿ ಮಾತ್ರ ಇತ್ತು."

ಹಾಲ್‌ನ ಫೋಟೋ ಒಂದನ್ನು ಅವಳ ತಾಯಿ ಊರಿನಲ್ಲಿ ದೊಡ್ಡದು ಮಾಡಿಸಿ ಗೋಡೆಗೆ ತೂಗುಹಾಕಿದ್ದಳು. ಆಮೇಲಿನ ವರ್ಷಗಳ ಫೋಟೋಗಳು ಮಗನ ಫೋನಿಗೆ ಬರುತ್ತಿದ್ದವು. ಮುದುಕಿಯ ಕಣ್ಣು ಚುರುಕು. ಒಮ್ಮೆ ಅಳಿಯನಿಗೆ ಫೋನ್ ಮಾಡಿಸಿ, "ಹೋದ ವರ್ಷ ಗೋಡೆ ಹಸಿರಿತ್ತಲ್ಲ, ಈಗ ಹಳದಿ ಆಗಿದೆಯಲ್ಲಪ್ಪಾ," ಎಂದಳಂತೆ.

"ವರ್ಷವರ್ಷ ಬದಲಾಯಿಸ್ತೀನಿ ಅತ್ತೆ. ನನಗೇನು, ಕಂಪನಿ ಬಣ್ಣ."

"ಅದು ಸರಿ. ಕಿಟಕಿ ಎಡಗಡೆ ಇದ್ದದ್ದು ಬಲಕ್ಕೆ ಬಂದಿದೆಯಲ್ಲ?"

"ಅದನ್ನೂ ಬದಲಾಯಿಸಿದೆ," ಎಂದನಂತೆ ಇವನು. "ಗಾಳಿ ಸಾಲ್ತಿರಲಿಲ್ಲ."

ಇದನ್ನು ಹೇಳುವಾಗ ಹೆಂಡತಿ ನಕ್ಕಳು. ನಾನು ನಗಲಿಲ್ಲ. ಆ ಫೋಟೋ ಬರಿಯ ಬಡಾಯಿಯಲ್ಲ ಎಂಬುದು ನನಗೆ ತಿಳಿಯುತ್ತಿತ್ತು. ಅಳಿಯ ಪಟ್ಟಣದಲ್ಲಿ ಚೆನ್ನಾಗಿದ್ದಾನೆ ಎಂದರೆ ಊರಿನ ಅಂಗಡಿಯವನು ಮುದುಕಿಗೆ ಸಾಮಾನನ್ನು ಮುಖ ಸಿಂಡರಿಸದೆ ಕೊಡುತ್ತಾನೆ. ನಾಲ್ಕು ಜನ ಸೇರಿದ ಕಡೆ ಅವಳಿಗೆ ಕೂರಲು ಜಾಗ ಬಿಡುತ್ತಾರೆ. ಎಲ್ಲರ ಮನೆಯ ಹುಡುಗರೂ ಚೆನ್ನಾಗಿರುವ ಊರಿನಲ್ಲಿ, ನಮ್ಮವನು ಚೆನ್ನಾಗಿಲ್ಲ ಎಂದು ಮೊದಲು ಹೇಳುವ ಧೈರ್ಯ ಯಾವ ಮನೆಗಿದೆ? ಹಾಗಾಗಿ ಒಬ್ಬನ ಸುಳ್ಳಿಗೆ ಇನ್ನೊಬ್ಬನ ಸುಳ್ಳು ಊರುಗೋಲು. ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಒಪ್ಪಬೇಕೆಂದಿಲ್ಲ. ಅಂಥ ಫೋಟೋ ನೋಡಿ ಮುಂದಿನವನು ಬಸ್ಸು ಹತ್ತುತ್ತಾನೆ.

ಹಾಗೆ ಹತ್ತಲು ಹೊರಟವನು ಹೆಂಡತಿಯ ಸ್ವಂತ ತಮ್ಮ.

ಅವನಿಗೆ ಊರಿನಲ್ಲಿ ಹಿಟ್ಟಿನ ಗಿರಣಿಯಲ್ಲಿ ಅರ್ಧ ಪಾಲಿತ್ತು. ಮದುವೆಯಾಗಿರಲಿಲ್ಲ. ಗಿರಣಿ ಎಂದರೆ ಒಂದು ಮೋಟಾರು, ಒಂದು ಪಟ್ಟಿ, ತಗಡಿನ ಸೂರು. ದಿನವಿಡೀ ರೆಪ್ಪೆಯ ಮೇಲೆ ಹಿಟ್ಟು ಕೂತಿರುತ್ತದೆ, ಕೆಮ್ಮಿದರೂ ಹಿಟ್ಟು. ವರಮಾನ ದೊಡ್ಡದಲ್ಲ. ಆದರೆ ಊರಿನ ಜನ ದಿನಾ ತಿನ್ನುತ್ತಾರೆ, ದಿನಾ ಯಾರಾದರೊಬ್ಬರು ಬೀಸಿಸಲು ಬರುತ್ತಾರೆ. ಗಿರಣಿಗೆ ಮೂಲೆಯಲ್ಲಿ ನಿಲ್ಲುವ ದಿನಗಳಿಲ್ಲ. ಈ ಹುಡುಗನಿಗೆ ಅದು ಬೇಸರವಾಗಿತ್ತು. ಇನ್ನರ್ಧದ ಪಾಲುದಾರ ತನ್ನ ಮಗನನ್ನು ಕೂರಿಸಲು ಕಾಯುತ್ತಿದ್ದ. ಪಾಲು ಬಿಟ್ಟುಕೊಡು, ಕೈಗೆ ಒಟ್ಟಿಗೆ ದುಡ್ಡು ಕೊಡುತ್ತೇನೆ ಎಂದಿದ್ದ. ಒಮ್ಮೆ ಕೊಟ್ಟರೆ ಮುಗಿಯಿತು, ಮಗ ಬಂದು ಕೂತ ಜಾಗಕ್ಕೆ ಮತ್ತೆ ಇವನು ಹೋಗುವಂತಿಲ್ಲ.

ತಮ್ಮ ಅಕ್ಕನಿಗೆ ಫೋನ್ ಮಾಡಿ, "ನಿಮ್ಮ ಹಾಲ್ ಎಷ್ಟು ದೊಡ್ಡದು ಅಕ್ಕಾ. ನನಗೊಂದು ಮೂಲೆ ಸಾಕು," ಎಂದ.

ಅಕ್ಕ ಅದನ್ನು ನನ್ನ ಮುಂದೆ ಹೇಳುವಾಗ ಪೊರಕೆ ಕೈಯಲ್ಲೇ ಇತ್ತು.

"ನಿಜ ಹೇಳಿಬಿಡು," ಎಂದೆ ನಾನು.

"ಹೇಳೋದು ಸುಲಭ. ನಮ್ಮಮ್ಮ ಆ ಫೋಟೋ ಕೆಳಗೆ ಕೂತ್ಕೊಂಡೇ ಎಲ್ಲರ ಹತ್ರ ಮಾತಾಡೋದು. ನಾಳೆ ಅವಳು ಎಲ್ಲಿ ಕೂರಬೇಕು?"

"ಹಾಗಾದರೆ ಅವನು ಗಿರಣಿ ಮಾರಿಕೊಂಡು ಬರಲಿ."

"ಬರೋದು ಬೇಡ ಅಂತ ನಾನೆಲ್ಲಿ ಅಂದೆ? ಬಂದ್ರೆ ನನಗೂ ಒಂದು ಜೀವ ಜೊತೆಗಿರುತ್ತೆ. ನಮ್ಮೋರು ಅಂತ ಇಲ್ಲಿ ಯಾರಿದಾರೆ." ಸ್ವಲ್ಪ ಗುಡಿಸಿ ಮತ್ತೆ ನಿಂತಳು. "ಬಂದ್ರೆ ಹಾಳಾಗ್ತಾನೆ. ಅದೂ ಗೊತ್ತು."

ಅವಳು ಒಂದು ವಾರ ಹೀಗೇ ಆಚೆಗೂ ಈಚೆಗೂ ತೂಗಾಡಿದಳು. ಗಂಡ ಏನೆನ್ನುತ್ತಾನೆ ಎಂದು ಕೇಳಿದರೆ, "ಅವರೇನು ಅಂತಾರೆ. 'ಬರಲಿ ಬಿಡು, ನೋಡ್ಕೊಳ್ಳೋಣ' ಅಂತಾರೆ. ಪ್ರಪಂಚ ಮುಳುಗಿದ್ರೂ ನೋಡ್ಕೊಳ್ಳೋಣ ಅನ್ನೋ ಮನುಷ್ಯ," ಎಂದಳು.

ತಮ್ಮ ಪೂರ್ತಿ ಹುಂಬನಲ್ಲ. ಪಾಲುದಾರನಿಗೆ ಮಾತು ಕೊಡುವ ಮೊದಲು ಒಂದು ಸಲ ಕಣ್ಣಾರೆ ನೋಡಿಕೊಂಡು ಹೋಗುತ್ತೇನೆ ಎಂದು ಬಂದ. ಬಸ್ ನಿಲ್ದಾಣದಿಂದ ಅವನನ್ನು ಕರೆತರುವ ದಾರಿಯಲ್ಲೇ ಭಾವ ಹೇಳಿದ: "ಮನೆಗೆ ಬಣ್ಣ ಹೊಡೀತಾ ಇದೀವಿ. ವಾಸನೆಗೆ ನಿಮ್ಮಕ್ಕನಿಗೆ ತಲೆನೋವು ಬರುತ್ತೆ. ಸದ್ಯಕ್ಕೆ ಒಂದು ಸಣ್ಣ ರೂಮಲ್ಲಿದೀವಿ."

ಆ ಸಣ್ಣ ರೂಮನ್ನು ನಾನು ನೋಡಿದ್ದೇನೆ. ಟೈರು ಅಂಗಡಿಯ ಹಿಂದೆ, ಸುಟ್ಟ ರಬ್ಬರಿನ ವಾಸನೆಯ ಓಣಿಯಲ್ಲಿದೆ. ಮಂಚವನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿದ್ದಾರೆ, ಕೆಳಗೆ ಡಬ್ಬಗಳು, ಬಕೆಟ್ಟು, ಸುತ್ತಿಟ್ಟ ಹಗ್ಗ. ಒಲೆ ಬಾಗಿಲಿನ ಪಕ್ಕ, ಹಾಗಾಗಿ ಅಡುಗೆಯಾಗುವಾಗ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಗೋಡೆಗಳಿಗೆ ಬೇರೆಯವರ ಮನೆಗಳಲ್ಲಿ ಉಳಿದ ತಳದ ಬಣ್ಣ ಬಳಿದಿದ್ದ. ಒಂದು ಡಬ್ಬದ ತಳದಲ್ಲಿ ಎಷ್ಟು ಉಳಿದಿತ್ತೋ ಅಷ್ಟಗಲಕ್ಕೆ ಒಂದು ಬಣ್ಣ, ಮುಂದೆ ಇನ್ನೊಂದು.

ತಮ್ಮ ಅದರಲ್ಲೊಂದು ಹಸಿರು ತುಂಡನ್ನು ನೋಡಿ, "ಇದು ನಿಮ್ಮ ಹಾಲ್‌ದೇ ಬಣ್ಣ ಅಲ್ವಾ ಭಾವ?" ಎಂದ.

"ಹೂಂ. ಮೊದಲು ಇಲ್ಲಿ ಬಳಿದು ನೋಡಿ, ಚೆನ್ನಾಗಿ ಕಂಡ್ರೆ ಅಲ್ಲಿಗೆ ಹೊಡೆಸ್ತೀನಿ."

ಹೆಂಡತಿ ಒಲೆಯ ಕಡೆ ಮುಖ ತಿರುಗಿಸಿಕೊಂಡಳಂತೆ. "ನಗು ಬಂತೋ ಅಳು ಬಂತೋ ನನಗೇ ಗೊತ್ತಾಗ್ಲಿಲ್ಲ ಅಮ್ಮಾ," ಎಂದಳು ನನಗೆ.

ಮರುದಿನ ಭಾವ ಅವನನ್ನು ಮನೆ ತೋರಿಸಲೂ ಕರೆದುಕೊಂಡು ಹೋದ, ಅಕ್ಕನೂ ಜೊತೆಗಿದ್ದಳು. ಮುಗಿಯುತ್ತ ಬಂದಿದ್ದ ಒಂದು ಹೊಸ ಮನೆ. ಮೇಸ್ತ್ರಿಯನ್ನು ಕಾಡಿಬೇಡಿ ಬೀಗದ ಕೈ ತಂದಿದ್ದ. ತಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ, ಗೋಡೆ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡ. ಎಲ್ಲ ಕೋಣೆಗಳನ್ನೂ ನೋಡಿ ಮುಗಿಸಿ, ಹಾಲ್‌ನ ಕಿಟಕಿಯ ಕೆಳಗಿನ ಮೂಲೆಗೆ ಹೋಗಿ, "ಇಲ್ಲಿ ಆಗುತ್ತಾ ನೋಡ್ತೀನಿ," ಎಂದು ಹಾಸಿದ್ದ ಹಳೆಯ ಪೇಪರುಗಳ ಮೇಲೆ ಉದ್ದಕ್ಕೆ ಮಲಗಿಬಿಟ್ಟ. "ಸಾಕು ಭಾವ. ಕಾಲು ಚಾಚಿದ್ರೂ ಜಾಗ ಉಳಿಯುತ್ತೆ."

ಆಗ ಗಂಡ ಏನೂ ಮಾತಾಡಲಿಲ್ಲ ಎಂದು ಹೆಂಡತಿ ಹೇಳಿದಳು. ಅವಳು ಅದನ್ನು ವಿಶೇಷವಾಗಿ ಹೇಳಿದ್ದರಿಂದ ನಾನೂ ಬರೆಯುತ್ತಿದ್ದೇನೆ.

ಅಂದು ಸಂಜೆ ತಮ್ಮ ಪಾಲುದಾರನಿಗೆ ಫೋನ್ ಮಾಡಿ, ನಾಳೆ ಸಂಜೆಯೊಳಗೆ ಹೇಳುತ್ತೇನೆ, ಆದಂತೆಯೇ ಎಂದುಕೋ ಎಂದ. ಅದನ್ನು ಕೇಳಿಸಿಕೊಂಡ ಭಾವ ನಿಜ ಹೇಳಿದ. ಹೇಳಿದ ರೀತಿ ಹೇಗೆಂದರೆ, ಅನ್ನದ ತಟ್ಟೆಯ ಮುಂದೆ ಕೂತು, ಯಾರದೋ ಏಣಿ ಜಾರಿ ಡಬ್ಬ ತಲೆಯ ಮೇಲೆ ಬಿದ್ದ ಕತೆಯನ್ನು ಹೇಳಿ ಎಲ್ಲರನ್ನೂ ನಗಿಸಿ, ಅದರ ಬಾಲಕ್ಕೆ, "ಅಂದಹಾಗೆ ಆ ಮನೆ ನಂದಲ್ಲ ಕಣೋ. ನಾನು ದಿನಗೂಲಿಯವನು. ಇದೇ ನನ್ನ ಮನೆ," ಎಂದ.

ತಮ್ಮ ಇನ್ನಷ್ಟು ನಕ್ಕ.

"ತಮಾಷೆ ಅಲ್ಲ. ಬರಬೇಡ. ಗಿರಣಿ ಇಟ್ಕೋ."

ಆಗ ತಮ್ಮನ ನಗು ನಿಂತಿತು. ತಟ್ಟೆ ಪಕ್ಕಕ್ಕೆ ಸರಿಸಿದ. "ಗೊತ್ತಾಯ್ತು ಭಾವ. ಒಂದು ಮೂಲೆ ಕೇಳಿದ್ದಕ್ಕೆ ಇಷ್ಟೆಲ್ಲಾ ಕತೆ ಯಾಕೆ? ನೀವು ಮೇಲೆ ಹತ್ತಿ ಆಯ್ತು, ಈಗ ಏಣಿ ಎಳ್ಕೊಳ್ತಾ ಇದೀರಿ. ಊರಲ್ಲಿ ಹೇಳಿದ್ರು, ಪಟ್ಟಣ ಸೇರಿದೋರು ಹೀಗೇ ಮಾಡ್ತಾರೆ ಅಂತ."

"ಅಕ್ಕನ್ನ ಕೇಳು."

ತಮ್ಮ ಅಕ್ಕನ ಕಡೆ ನೋಡಿದ. ಅಕ್ಕನಿಗೆ ತಾಯಿಯ ಮುಖ ಕಣ್ಣ ಮುಂದೆ ಬಂತೋ ಏನೋ, "ನನ್ನನ್ಯಾಕೆ ಎಳೀತೀರಿ," ಎಂದು ಎದ್ದುಹೋದಳು. ಅವಳೇ ನನಗೆ ಹೇಳಿದ ಮಾತಿದು.

ಇಲ್ಲಿ ತಪ್ಪು ಹುಡುಗನದಲ್ಲ. ಸುಳ್ಳನ್ನು ಭಾವ ಯಾವ ಮುಖದಲ್ಲಿ ಹೇಳುತ್ತಿದ್ದನೋ ನಿಜವನ್ನೂ ಅದೇ ಮುಖದಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಪಟ್ಟಣದಲ್ಲಿ ಕೆಲಸವಿಲ್ಲ ಎಂದು ಹೇಳುವವನನ್ನು ಊರು ಸೋತವನೆಂದು ತಿಳಿಯುವುದಿಲ್ಲ, ಹೊಟ್ಟೆಕಿಚ್ಚಿನವನೆಂದು ತಿಳಿಯುತ್ತದೆ. ಗಿರಣಿಯ ಹುಡುಗ ಕೋಪದಲ್ಲೇ, "ನಾಳೆ ನಿಮ್ಮ ಜೊತೆ ಬರ್ತೀನಿ. ನಿಮ್ಮ ಕೆಲಸದ ಜಾಗ ನೋಡಿಯೇ ಹೋಗ್ತೀನಿ," ಎಂದ.

"ಬಾ," ಎಂದ ಭಾವ.

ಮಾರನೆಯ ಬೆಳಗ್ಗೆ ನಾನು ಮಹಡಿಯಲ್ಲಿದ್ದೆ. ಹುಡುಗ ನಮ್ಮ ಕಾಂಪೌಂಡಿನ ತಗ್ಗು ಗೋಡೆಯ ಮೇಲೆ ಕೂತಿದ್ದ. ಅವನು ಯಾರೆಂದು ನನಗೆ ಆಗ ಗೊತ್ತಿರಲಿಲ್ಲ. ಗೋಡೆಯ ಮೇಲೆ ಕೂರುವವರನ್ನು ಎಬ್ಬಿಸುವುದು ನನ್ನ ಅಭ್ಯಾಸ, ಕೆಳಗಿಳಿದು ಹೋಗಿ ಯಾರನ್ನು ಕಾಯುತ್ತಿದ್ದೀಯ ಎಂದು ಕೇಳಿದೆ.

"ನಮ್ಮ ಭಾವ," ಎಂದು ರಸ್ತೆಯ ಆಚೆಗೆ ತೋರಿಸಿದ. "ಅಲ್ಲಿ ಜನ ಆರಿಸ್ತಾ ಇದಾರೆ. ಅವರು ಸೂಪರ್‌ವೈಸರ್."

ನಾನು ನೋಡಿದೆ. ಬಣ್ಣದವನು ಸಾಲಿನಲ್ಲಿ ನಿಂತಿದ್ದ. ರಸ್ತೆಯ ಈಚೆಯಿಂದ, ಗೊತ್ತಿಲ್ಲದವರ ಕಣ್ಣಿಗೆ, ಅವನು ಆರಿಸುವವನೋ ಆರಿಸಿಕೊಳ್ಳಲು ನಿಂತವನೋ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಗಾರೆಯವನು ಎಂದಿನಂತೆ, "ಸೂಪರ್‌ವೈಸರ್ ಸಾಹೇಬರೇ, ಇವತ್ತು ಯಾರ್‍ಯಾರಿಗೆ ಕೆಲಸ?" ಎಂದು ಕೂಗಿದ. ಎಲ್ಲರೂ ನಕ್ಕರು. ಹುಡುಗ ನನ್ನ ಕಡೆ ತಿರುಗಿ, ನೋಡಿದಿರಾ ಎಂಬಂತೆ ತಲೆಯಾಡಿಸಿದ. ನಾನು ಅವನನ್ನು ಗೋಡೆಯಿಂದ ಎಬ್ಬಿಸಲಿಲ್ಲ. ಬೇರೆಯವರ ಸಂಸಾರದಲ್ಲಿ ಬಾಯಿ ಹಾಕುವುದೂ ನನ್ನ ಕೆಲಸವಲ್ಲ. ಮೇಲೆ ಬಂದು ಕುಳಿತೆ.

ಆ ದಿನಗಳಲ್ಲಿ ಕೆಲಸ ತೀರಾ ಕಡಿಮೆ. ಕಟ್ಟಡಗಳು ಅರ್ಧಕ್ಕೆ ನಿಂತಿದ್ದವು. ಬಣ್ಣ ಕೊನೆಗೆ ಬರುವ ಕೆಲಸವಾದ್ದರಿಂದ ಬಣ್ಣದವರದ್ದು ಇನ್ನೂ ಕಷ್ಟ. ಎರಡು ಸ್ಕೂಟರು ಬಂದು ಮಣ್ಣಿನವರನ್ನಷ್ಟೇ ಕರೆದುಕೊಂಡು ಹೋದವು. ಬಿಸಿಲು ಬಂತು. ಶಾಲೆಯ ಬಸ್ಸುಗಳು ಶುರುವಾದವು. ಆಗ ನನಗೂ ಪರಿಚಯವಿದ್ದ ಒಬ್ಬ ಮೇಸ್ತ್ರಿ ಸಣ್ಣ ಲಾರಿ ನಿಲ್ಲಿಸಿ ಇಳಿದ. ನೇರವಾಗಿ ಬಣ್ಣದವರ ಕಡೆಗೇ ಹೋದ. ನಮ್ಮವನ ಎದುರು ನಿಂತು ಏನೋ ಹೇಳಿದ, ಇವನೂ ಏನೋ ಹೇಳಿದ. ಮೇಸ್ತ್ರಿ ಕೈ ಕೊಡವಿ, ಪಕ್ಕದಲ್ಲಿದ್ದ ಇನ್ನೊಬ್ಬನನ್ನು ಕರೆದು ಲಾರಿಯ ಕಡೆ ನಡೆದ.

ಇವನು ಹಿಂದೆಯೇ ಹೋದ. ಎರಡೂ ಕೈ ಮುಂದೆ ಚಾಚಿ, ಬೆನ್ನು ಬಾಗಿಸಿ, ಮೇಸ್ತ್ರಿಯ ಪಕ್ಕಕ್ಕೊಮ್ಮೆ ಮುಂದಕ್ಕೊಮ್ಮೆ ಬರುತ್ತ ಬೇಡುತ್ತಿದ್ದ. ಬ್ರಷ್ಷು ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಮೇಸ್ತ್ರಿ ಮೊದಲು ಸುಮ್ಮನೆ ನೋಡಿದ. ಆಮೇಲೆ ದೊಡ್ಡ ದನಿಯಲ್ಲಿ, "ಕೆಲಸ ಇಲ್ಲ ಅಂದ್ರೆ ಇಲ್ಲ. ಹೋಗೋ ಆಚೆ," ಎಂದ. ಇವನು ಬಿಡಲಿಲ್ಲ. ಮೇಸ್ತ್ರಿ ಮತ್ತೆ, ಇನ್ನೂ ದೊಡ್ಡದಾಗಿ, "ದಿನಾ ಇದೇ ಗೋಳು ನಿಂದು. ನಿನ್ನಂಥೋರು ಊರು ತುಂಬ ಬಿದ್ದಿದಾರೆ. ಯಾರಿಗೆ ಬೇಕು ನೀನು," ಎಂದ. ರಸ್ತೆಗೆಲ್ಲ ಕೇಳಿಸಿತು. ಹಾಲಿನ ಅಂಗಡಿಯವನು ಹೊರಗೆ ಬಂದು ನೋಡಿದ. ಮೂಲೆಯವರು ನಗಲಿಲ್ಲ. ಗಾರೆಯವನು ಬೇರೆ ಕಡೆ ನೋಡುತ್ತಿದ್ದ.

ಅಂತೂ ಒಂದು ದಿನ ಸಿಕ್ಕಿಬಿದ್ದ ಎಂದುಕೊಂಡೆ. ಸುಳ್ಳಿಗೆ ಕಾಲ ಬರುತ್ತದೆ. ಅದು ಹುಡುಗನ ಕಣ್ಣೆದುರಿಗೇ ಬಂದದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಹುಡುಗ ಗೋಡೆಯಿಂದ ಇಳಿದಿದ್ದ. ರಸ್ತೆ ದಾಟಿ ಭಾವನ ಬಳಿಗೆ ಹೋಗಲಿಲ್ಲ. ಅಲ್ಲಿಗೆ ಬೆನ್ನು ಹಾಕಿ, ನಮ್ಮ ಗೇಟಿನ ಕಂಬಿ ಹಿಡಿದು ನಿಂತಿದ್ದ. ಬಹಳ ಹೊತ್ತಾದ ಮೇಲೆ ಒಬ್ಬನೇ ಟೈರು ಅಂಗಡಿಯ ಓಣಿಯ ಕಡೆಗೆ ನಡೆದುಹೋದ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟ. ಗಿರಣಿಯ ಪಾಲು ಮಾರಲಿಲ್ಲ.

ಹೆಂಡತಿ ಮರುದಿನ ಬಂದಾಗ ಕಣ್ಣು ಊದಿತ್ತು. "ನನ್ನ ತಮ್ಮನ ಮುಂದೆ ಮಾನ ಹೋಯ್ತು. ಭಿಕ್ಷೆ ಬೇಡೋನ ಹಾಗೆ ಬೇಡಿದ್ರಂತೆ. ಇಷ್ಟು ವರ್ಷ ಒಳ್ಳೆ ಕೆಲಸಗಾರ ಅಂತನಾದ್ರೂ ಅಂದ್ಕೊಂಡಿದ್ದೆ, ಈಗ ಅದೂ ಇಲ್ಲ." ಗಂಡನ ಜೊತೆ ಅವಳು ಮಾತು ಬಿಟ್ಟಿದ್ದಳು. ಅವನು ಅದಕ್ಕೂ ತಲೆಕೆಡಿಸಿಕೊಳ್ಳದೆ, ಅವಳ ಬದಲು ಗೋಡೆಯ ಜೊತೆ ಮಾತಾಡುತ್ತ ಊಟ ಮಾಡುತ್ತಿದ್ದನಂತೆ. "ಉಪ್ಪು ಸ್ವಲ್ಪ ಕಡಿಮೆ ಆಯ್ತಲ್ವಾ ಗೋಡೆಯವರೇ," ಎಂದನಂತೆ. ಇಂಥವನ ಜೊತೆ ಸಂಸಾರ ಮಾಡುವುದು ಹೇಗೆ ಎಂದು ಅವಳು ನನ್ನನ್ನು ಕೇಳಿದಳು.

ಊರಿನಿಂದ ತಮ್ಮನ ಫೋನ್ ಬಂತು. ಊರಿನವರಿಗೆ ಅವನು ಏನೂ ಹೇಳಿರಲಿಲ್ಲ. ಮನೆ ಚೆನ್ನಾಗಿದೆ, ಭಾವ ಚೆನ್ನಾಗಿ ನೋಡಿಕೊಂಡರು, ನನಗೇ ಅಲ್ಲಿಯ ನೀರು ಒಗ್ಗಲಿಲ್ಲ ಎಂದು ಹೇಳಿ ಗಿರಣಿಯಲ್ಲಿ ಕೂತಿದ್ದ. ಫೋಟೋ ಗೋಡೆಯ ಮೇಲೇ ಇತ್ತು. ಮುದುಕಿ ಈಗಲೂ ಅದರ ಕೆಳಗೇ ಕೂರುತ್ತಿದ್ದಳು. ಹೀಗೆ ಆ ಊರಿಗೆ ಇನ್ನೊಬ್ಬ ಸುಳ್ಳುಗಾರ ಸಿಕ್ಕಿದ. ಅದನ್ನು ಕೇಳಿ ನನಗೆ ಆಯಾಸವಾಯಿತು, ಬೇರೇನೂ ಅಲ್ಲ. ಮುಂದಿನ ವರ್ಷವೂ ಅಲ್ಲಿಂದ ಬಸ್ಸುಗಳು ತುಂಬಿಯೇ ಬರುತ್ತವೆ.

ಸ್ವಲ್ಪ ದಿನ ಕಳೆದು ಆ ಮೇಸ್ತ್ರಿ ನಮ್ಮ ಬಚ್ಚಲಿಗೆ ಟೈಲ್ಸ್ ಕೂರಿಸಲು ಬಂದ. ಬಡವನೊಬ್ಬನನ್ನು ನಡುರಸ್ತೆಯಲ್ಲಿ ಹಾಗೆ ಬೈಯುವುದು ಸರಿಯಲ್ಲ ಎಂದು ನನಗೆ ಆವತ್ತೇ ಅನ್ನಿಸಿತ್ತು. ಬಣ್ಣದವನಿಗೆ ಕೆಲಸ ಇಲ್ಲದಿದ್ದರೆ ಇಲ್ಲ ಎಂದರೆ ಸಾಲುತ್ತಿರಲಿಲ್ಲವೇ, ಅಷ್ಟು ಜನರ ಮುಂದೆ ಯಾಕೆ ಬೈದೆ ಎಂದು ಕೇಳಿದೆ.

ಮೇಸ್ತ್ರಿ ಮಟ್ಟದ ಪಟ್ಟಿಯನ್ನು ನೆಲದ ಮೇಲಿಟ್ಟು ನನ್ನ ಮುಖ ನೋಡಿದ.

"ಕೆಲಸ ಇಲ್ಲ ಅಂತ ಯಾರು ಹೇಳಿದ್ದು ಅಮ್ಮಾ? ನಾನು ಗಾಡಿ ನಿಲ್ಲಿಸಿದ್ದೇ ಅವನಿಗೋಸ್ಕರ. ಎರಡು ಮಹಡಿ ಮನೆ, ಒಳಗೂ ಹೊರಗೂ, ಒಂದು ತಿಂಗಳ ಕೆಲಸ. ಬಾ ಅಂದೆ. ಬರಲ್ಲ ಅಂದ. ಬೆನ್ನು ನೋವಂತೆ. ಸರಿ, ಹಾಳಾಗಿ ಹೋಗು ಅಂತ ಇನ್ನೊಬ್ಬನನ್ನ ಕರ್ಕೊಂಡು ಹೊರಟೆ. ಹಿಂದೇ ಬಂದ. ಕೈ ಚಾಚ್ಕೊಂಡು ಬೇಡೋ ಹಾಗೆ ಮುಖ ಮಾಡ್ಕೊಂಡು, ಬಾಯಲ್ಲಿ ಮಾತ್ರ ಮೆಲ್ಲಗೆ, 'ಬೈದು ಕಳಿಸಿ ಮೇಸ್ತ್ರೀ, ಆ ಕಾಂಪೌಂಡ್ ಗೋಡೆ ಹತ್ರ ಕೇಳಿಸಬೇಕು' ಅಂತಾನೆ."

"ಆಮೇಲೆ?"

"ಆಮೇಲೇನು, ಬೈದೆ." ಮೇಸ್ತ್ರಿ ಒಂದು ಟೈಲನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. "ಅದು ಸಾಲದು, ಇನ್ನೂ ಜೋರಾಗಿ ಅಂದ. ಇನ್ನೊಂದು ಸಲ ಬೈದೆ."